ಗೇಣು ಗೇಣು ನಡೆದ ಗಡಿಕಲ್ಲು

ಹೊಲದ ಬದುವಿಗಾಗಿ ಅಣ್ಣತಮ್ಮಂದಿರು ತಲೆ ಒಡೆದುಕೊಂಡ ಕಾಗದಪತ್ರಗಳನ್ನು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕಟ್ಟಿ, ಬಿಚ್ಚಿ, ಧೂಳು ಕೊಡವಿ, ಮತ್ತೆ ಕಟ್ಟಿಟ್ಟವನು ನಾನು. ಜಮೀನಿನ ಅಳತೆಯ ಕಚೇರಿಯೊಂದರ ದಫ್ತರಖಾನೆಯಲ್ಲಿ ಕಾರಕೂನ. ಬೇರೆ ಯಾರಾದರೂ ಆಗಿದ್ದರೆ ಆ ಕಾಗದಗಳನ್ನು ಓದದೆಯೇ ಕಟ್ಟಿಡುತ್ತಿದ್ದರು. ನಾನು ಓದುತ್ತಿದ್ದೆ. ಕಾಗದವನ್ನು ಅಲ್ಲೇ ಬಿಟ್ಟು, ಅದರೊಳಗಿನ ಅಂಜಿಕೆಯನ್ನು ಮಾತ್ರ ಮನೆಗೆ ಹೊತ್ತು ತರುತ್ತಿದ್ದೆ. ಯಾವುದೋ ಊರಿನ ಯಾರದೋ ಬದು ಒಂದು ಗೇಣು ಸರಿದರೆ ಪುಣೆಯ ಶಿವಾಜಿನಗರದಲ್ಲಿ ನನಗೆ ಊಟ ಸೇರುತ್ತಿರಲಿಲ್ಲ.

ಚಿಂತೆ ಮಾಡುವುದು ನನಗೆ ಯಾರೂ ಕಲಿಸದೆಯೇ ಬಂದ ವಿದ್ಯೆ. ಮಳೆ ಬಂದರೆ ಹಂಚು ಸೋರೀತು, ಬಾರದಿದ್ದರೆ ಬಾವಿ ಬತ್ತೀತು. ಎರಡೂ ಆಗದಿದ್ದರೆ, ಇದೇಕೆ ಎಲ್ಲ ಇಷ್ಟು ನೆಟ್ಟಗೆ ನಡೆದಿದೆ ಎಂದು ಅನುಮಾನ. “ನೀವ್ ಚಿಂತಿ ಮಾಡ್ರಿ, ನಾ ಅಡಿಗಿ ಮಾಡ್ತೀನಿ. ಒಬ್ಬೊಬ್ರಿಗೆ ಒಂದೊಂದ ಕೆಲಸ” ಎಂದು ನನ್ನ ಹೆಂಡತಿ ಹೇಳುತ್ತಿದ್ದಳು.

ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರದ ಆ ವರ್ಷಗಳಲ್ಲಿ ನನ್ನ ಎಲ್ಲ ಚಿಂತೆಗಳಿಗೂ ಒಂದು ಹಿರೇ ಚಿಂತೆ ಇತ್ತು. ಅವ್ವ ಊರಿಗೆ ಹೊರಟುಬಿಟ್ಟರೆ?

ನಾನು ಹತ್ತೊಂಬತ್ತನೆಯ ವಯಸ್ಸಿಗೆ ಬಾಗಲಕೋಟೆಯ ಕಡೆಯ ನಮ್ಮ ಊರು ಬಿಟ್ಟವನು. ಅಪ್ಪ ತೀರಿಕೊಂಡ ಮೇಲೆ ಅವ್ವ ಅಣ್ಣನ ಜೊತೆ ಊರಲ್ಲೇ ಇದ್ದಳು. ಮೊದಲ ಸಲ ಪುಣೆಗೆ ಕರೆತಂದಾಗ ನಾವು ಪೇಟೆಯಲ್ಲಿ ಹಲವು ಬಿಡಾರಗಳ ಒಂದು ವಾಡೆಯಲ್ಲಿ ಬಾಡಿಗೆಗಿದ್ದೆವು. ಅಲ್ಲಿ ಒಂಬತ್ತು ದಿನ ಇದ್ದಳು. “ಇಲ್ಲೆ ನನಗ ಬಾಯಿ ಇದ್ದೂ ಮೂಕಿ ಆದ್ಹಂಗ ಆಗೇದಪಾ. ಒಬ್ಬರ ಮಾತ ತಿಳೀವಲ್ದು” ಎಂದು ಹತ್ತನೆಯ ದಿನ ಗಾಡಿ ಹತ್ತಿದಳು. ಶಿವಾಜಿನಗರದ ಕಡೆ ಹಿತ್ತಲಿದ್ದ ಸಣ್ಣ ಮನೆ ಮಾಡಿಕೊಂಡ ಮೇಲೆ ಮತ್ತೆ ಕರೆದೆ. “ಎರಡ ತಿಂಗ್ಳ ಇದ್ದು ಹೋಗ್ತೀನಿ” ಎಂದು ಕಬ್ಬಿಣದ ಟ್ರಂಕಿನ ಜೊತೆ ಬಂದಳು. ಎರಡು ತಿಂಗಳು ಕಳೆಯಿತು. ವರ್ಷ ಕಳೆಯಿತು. ಟ್ರಂಕು ಅಟ್ಟ ಹತ್ತಿತು. ಮರಾಠಿ ಅವಳಿಗೆ ಆಗಲೂ ಬರುತ್ತಿರಲಿಲ್ಲ, ಆದರೂ ಇದ್ದಳು. ಯಾಕೆ ಇದ್ದಾಳೆ ಎಂದು ಕೇಳಲು ನನಗೆ ಧೈರ್ಯವಿರಲಿಲ್ಲ. ಕೇಳಿದರೆ, “ಹೌದಲಾ, ಯಾಕ ಇದ್ದೀನಿ?” ಎಂದು ಅವಳಿಗೇ ನೆನಪಾದರೆ ಏನು ಗತಿ? ಮೂವತ್ತು ವರ್ಷದ ಮೇಲೆ ಅವಳ ಕೈಯ ಕಟ್ಟಿನ ಸಾರು ದಿನಾ ಸಿಗುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡು ಉಣ್ಣುತ್ತಿದ್ದೆ.

ನಮ್ಮ ಹಿತ್ತಲಿನಲ್ಲಿ ಒಂದು ನಿಂಬೆ, ಒಂದು ಪೇರಲ, ನಾಲ್ಕು ಬಾಳೆ. ಪಕ್ಕದ ಹಿತ್ತಲು ಗಣಿತದ ಮಾಸ್ತರರದು. ಅವರು ಪುಣೆಯವರೇ, ಆದರೆ ಕೆಲಸ ಮಾಡಿದ್ದೆಲ್ಲ ಧಾರವಾಡ ಜಿಲ್ಲೆಯ ಶಾಲೆಗಳಲ್ಲಿ. ಹಾಗಾಗಿ ನಮ್ಮ ಕನ್ನಡವನ್ನು ನಮಗಿಂತ ಚೊಕ್ಕವಾಗಿ ಆಡಿ ನಮ್ಮನ್ನೇ ಚೇಷ್ಟೆ ಮಾಡುತ್ತಿದ್ದರು. ಪೆನ್ಶನ್ ಆದ ಮೇಲೆ ಗುಲಾಬಿ ಬೆಳೆಸುತ್ತ, ವಿಧವೆ ಅಕ್ಕನೊಡನೆ ಇದ್ದರು. ಆ ಅಕ್ಕನಿಗೆ ಮರಾಠಿ ಬಿಟ್ಟು ಇನ್ನೊಂದು ಅಕ್ಷರ ಬಾರದು. ಎರಡೂ ಹಿತ್ತಲುಗಳ ನಡುವೆ ಮದರಂಗಿಯ ಬೇಲಿ. ಬೇಲಿಯ ನಡುಮಧ್ಯದಲ್ಲಿ ಒಬ್ಬರು ನುಸುಳುವಷ್ಟು ಸಂದಿ. ಆ ಸಂದಿಯಲ್ಲಿ ಒಂದು ಚಪ್ಪಟೆ ಕರಿಕಲ್ಲು. ಪ್ಲಾಟು ಅಳೆದವರು ಎರಡು ಮೂಲೆಗಳಲ್ಲಿ ಗಡಿಕಲ್ಲು ಹೂಳಿದ್ದರು. ನಡುವಿನದನ್ನು ಮಾತ್ರ ಹೂಳಿರಲಿಲ್ಲ, ಸುಮ್ಮನೆ ಇಟ್ಟು ಹೋಗಿದ್ದರು. ಇಷ್ಟು ವರ್ಷ ಗಡಿಯ ಕಾಗದ ಓದಿದ ನಾನು ಅದನ್ನು ಗಮನಿಸಬೇಕಿತ್ತು. ಗಮನಿಸಿದ್ದು ಕಲ್ಲು ನಡೆಯಲು ಶುರು ಮಾಡಿದ ಮೇಲೆ.

ಒಂದು ಸಂಜೆ ಕಚೇರಿಯಿಂದ ಬಂದು ಕಾಲು ತೊಳೆಯುವಾಗ ನೋಡಿದೆ. ಕಲ್ಲು ನಮ್ಮ ಕಡೆಗೆ ಒಂದು ಗೇಣು ಬಂದಿತ್ತು. ಬಗ್ಗಿ ಕೈಯಿಂದ ಅಳೆದೇ ನೋಡಿದೆ. ಕಲ್ಲು ನಮ್ಮ ಕಡೆ ಬಂದರೆ ಮಾಸ್ತರರ ಹಿತ್ತಲು ಬೆಳೆಯಿತು ಎಂದೇ ಅರ್ಥ. ದಫ್ತರದ ಕಟ್ಟುಗಳಲ್ಲೆಲ್ಲ ಕಥೆ ಶುರುವಾಗುವುದು ಹೀಗೆಯೇ. ಮರುದಿನ ಸಂಜೆ ನೋಡಿದರೆ ಕಲ್ಲು ಅವರ ಕಡೆಗೆ ಒಂದು ಗೇಣು ಹೋಗಿತ್ತು! ಬೇರೆಯವರಾಗಿದ್ದರೆ ಸಮಾಧಾನಪಡುತ್ತಿದ್ದರು. ನನಗೆ ಇನ್ನೂ ಹೆಚ್ಚು ಭಯವಾಯಿತು. ಇದು ಗಣಿತದ ತಲೆ. ಕಲ್ಲನ್ನು ತಾವೇ ತಮ್ಮ ಕಡೆಗೆ ಎಳೆದುಕೊಂಡು, ನಾಳೆ ನಾಲ್ಕು ಜನರನ್ನು ಕರೆದು, “ನೋಡ್ರಿ, ಈ ಕಾರಕೂನ ನನ್ನ ಜಾಗ ಒತ್ತಿದ” ಎನ್ನುವ ಹಂಚಿಕೆ ಇದು.

ಆ ಭಾನುವಾರ ಬೇಲಿಯ ಬಳಿ ನಿಂತು ಕೆಮ್ಮಿದೆ. ಮಾಸ್ತರರು ಗುಲಾಬಿಯ ಬುಡ ಕೆದರುತ್ತಿದ್ದರು.

“ಮಾಸ್ತರ್ರ, ನಡುವ ಒಂದ ಗ್ವಾಡಿ ಕಟ್ಟಿಸಿದ್ರ ಹೆಂಗ್ರಿ?”

“ಯಾಕ್ರಿ ರಾವಸಾಹೇಬ್ರ? ನನ್ನ ಮಾರಿ ಅಷ್ಟ ಕೆಟ್ಟದ ಅದ ಏನು?”

ನಾನು ಯಾವ ರಾವಸಾಹೇಬನೂ ಅಲ್ಲ. ಹಾಗೆ ಕರೆದರೆ ನಾನು ಮುದುಡುತ್ತೇನೆ ಎಂದು ಗೊತ್ತಿದ್ದೇ ಅವರು ಕರೆಯುತ್ತಿದ್ದರು.

“ಹಂಗಲ್ರಿ. ಮುಂದ ತಂಟೆ ಬರಬಾರದು ಅಂತ.”

“ಈಗ ತಂಟೆ ಎಲ್ಲೆ ಅದ?”

“ಈಗ ಇಲ್ರಿ. ಅದಕ್ಕ ಈಗನ ಕಟ್ಟಿಸೂಣು ಅಂತ.”

“ವಾ! ಜ್ವರ ಇಲ್ಲ, ಅದಕ್ಕ ಕಷಾಯ ಕುಡೀತೀನಿ ಅಂದ್ಹಂಗಾತು. ಕಟ್ಟಿಸ್ರಿ, ನಿಮ್ಮ ಜಾಗದಾಗ ಕಟ್ಟಿಸ್ರಿ. ನನ್ನ ಗುಲಾಬಿಗೆ ಮುಂಜಾನಿ ಬಿಸಿಲ ಬೇಕು, ಅದಕ್ಕ ನೆಳ್ಳ ಬೀಳಬಾರದು. ಮತ್ತ ಅಡ್ಡಾತಿಡ್ಡಾ ಆಗಬಾರದು. ಎರಡು ಬಿಂದುವಿನ ನಡುವ ಒಂದ ಸರಳರೇಖಾ. ಸಾಲ್ಯಾಗ ಕಲ್ತೀರೋ ಇಲ್ಲೋ?”

ಬಾಯಲ್ಲಿ ಅವರ ಜೊತೆ ಗೆಲ್ಲಲಾರೆನೆಂದು ನಾನು ನನ್ನ ಆಯುಧ ಹಿಡಿದೆ. ಒಂಬತ್ತು ಕಲಮುಗಳ ಒಂದು ಪತ್ರ ಬರೆದು ಕಳಿಸಿದೆ: ಗೋಡೆಯ ಅಗತ್ಯ, ಎತ್ತರ, ಮತ್ತು ‘ಅಜ್ಞಾತ ಕಾರಣಗಳಿಂದ ಸ್ಥಾನಪಲ್ಲಟಗೊಳ್ಳುತ್ತಿರುವ ಶಿಲೆ’. ಸಂಜೆಗೆ ಅದೇ ಪತ್ರ ವಾಪಸು ಬಂತು. ಕೆಂಪು ಶಾಯಿಯಲ್ಲಿ ಎರಡು ಕಡೆ ತಿದ್ದಿ, ಕೆಳಗೆ ಬರೆದಿದ್ದರು: “ಹತ್ತಕ್ಕೆ ನಾಲ್ಕು. ಕಾಗದ ಬಹಳ, ವಿಷಯ ಕಡಿಮೆ.”

ನಾನು ಅಂದುಕೊಂಡದ್ದೇನೆಂದರೆ, ಈ ಮನುಷ್ಯ ತಪ್ಪು ಮಾಡಿಯೂ ನಗುತ್ತಿದ್ದಾನೆ. ಅವರು ಅಂದುಕೊಂಡದ್ದೇನೆಂದು ಆಮೇಲೆ ತಿಳಿಯಿತು: ಈ ಕಾರಕೂನ ಕಲ್ಲು ಸರಿಸುವುದಲ್ಲದೆ ಒಂಬತ್ತು ಕಲಮು ಬೇರೆ ಬರೆಯುತ್ತಾನೆ! ಕಲ್ಲು ನಡೆಯುವುದು ಅವರ ಕಣ್ಣಿಗೂ ಬಿದ್ದಿತ್ತು. ಹದಿನೈದು ದಿನದಲ್ಲಿ ಗೋಡೆ ಬೇಡವೆಂದಿದ್ದ ಮಾಸ್ತರರೇ ಬೇಲಿಗೆ ಬಂದು, “ರಾವಸಾಹೇಬ್ರ, ಆಗ್ಲಿ, ಗ್ವಾಡಿ ಆಗೇಬಿಡ್ಲಿ. ಆಳೆತ್ತರ. ಇಬ್ಬರೂ ಕೂಡಿ ಕಟ್ಟಿಸೂಣು” ಎಂದರು. ಈ ಸಲ ಅವರು ನಗಲಿಲ್ಲ. ಅವರು ಒಪ್ಪಿದ ಕೂಡಲೇ, ಇದರಲ್ಲಿ ಏನೋ ಮೋಸವಿದೆ ಎಂದು ನನಗೆ ಗೋಡೆಯೇ ಬೇಡವೆನಿಸಿತು. ಆದರೆ ಹೇಳುವುದು ಹೇಗೆ? ಒಂಬತ್ತು ಕಲಮು ಬರೆದವನು ನಾನೇ.

ಗೌಂಡಿ ಬಂದ. ಸೊಲ್ಲಾಪುರದ ಕಡೆಯವನು, ಎರಡೂ ಭಾಷೆಯಲ್ಲಿ ಮುಲಾಜಿಲ್ಲದ ಬಾಯಿ. ಬೀದಿಯ ಮೂಲೆಯಿಂದ ನಡುವಿನ ಕಲ್ಲಿಗೆ, ಅಲ್ಲಿಂದ ಹಿಂದಿನ ಮೂಲೆಗೆ ದಾರ ಹಿಡಿದು, ಬೀದಿಯ ಕಡೆಯಿಂದ ಬೇಲಿ ಕಡಿದು ಪಾಯ ತೋಡಲು ಶುರು ಮಾಡಿದ. ಇಟ್ಟಂಗಿ ಬಂದು ಬಿತ್ತು.

ಅದೇ ದಿನ ಊಟಕ್ಕೆ ಬಡಿಸುತ್ತ ಅವ್ವ ಕೇಳಿದಳು, “ಗ್ವಾಡಿ ಎಷ್ಟ ಎತ್ತರ ಬರ್ತದ?”

“ಆಳೆತ್ತರ, ಅವ್ವಾ.”

“ಪೂರಾ ಆ ತುದೀತನಕಾ?”

“ಪೂರಾ. ಒಂದ ಇರಿವಿ ಸುದ್ದಾ ದಾಟಬಾರದು, ಹಂಗ.”

ಅವ್ವ ಸಾರು ಬಡಿಸುವುದನ್ನು ಮರೆತು ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಸೊಸೆಗೆ ಹೇಳುವುದು ಕೇಳಿಸಿತು: “ಟ್ರಂಕ ಇಳಿಸಿಡವಾ. ಊರಿಗೆ ಹೋಗ್ತೀನಿ. ಎರಡ ತಿಂಗ್ಳ ಅಂತ ಬಂದಾಕಿ, ಎರಡ ವರ್ಷ ಆತು.”

ಯಾವುದಕ್ಕೆ ಹೆದರಿ ಬಾಯಿ ಮುಚ್ಚಿಕೊಂಡು ಉಣ್ಣುತ್ತಿದ್ದೆನೋ ಅದೇ ಬಂದಿತ್ತು. ಯಾಕೆಂದು ಕೇಳಿದರೆ, “ಏನಿಲ್ಲಪಾ, ಸುಮ್ನ.” ಯಾರಾದರೂ ಏನಾದರೂ ಅಂದಿದ್ದಾರೆಯೇ? “ಇಲ್ಲಪಾ.” ನೀರು ಒಗ್ಗಲಿಲ್ಲವೇ? “ನೀರಿಗೇನಾಗೇದ, ನೀರು ಛಲೋ ಅದ.” ಅಮಾವಾಸ್ಯೆ ಕಳೆದ ಮೇಲೆ ಹೊರಡುವುದೆಂದು ನಿಶ್ಚಯವಾಯಿತು. ಅಣ್ಣನಿಗೆ ಕಾಗದವೂ ಹೋಯಿತು. ನಾನು ಹೆಂಡತಿಯ ಮೇಲೆ, ಹವೆಯ ಮೇಲೆ, ಕೊನೆಗೆ ಪಕ್ಕದಂಗಡಿಯ ತೊಗರಿಬೇಳೆಯ ಮೇಲೂ ಅನುಮಾನಪಟ್ಟೆ. ಗೋಡೆಯ ಮೇಲೆ ಮಾತ್ರ ಪಡಲಿಲ್ಲ. ಅದೊಂದು ನಾನೇ ಮಾಡಿದ್ದಲ್ಲವೇ!

ಮೂರನೆಯ ದಿನ ಗೌಂಡಿ ಕರೆದ. ದಾರ ನಡುವಿನಲ್ಲಿ ಬಿಲ್ಲಿನಂತೆ ಬಾಗಿತ್ತು.

“ಸಾಹೇಬ್ರ, ನಿಮ್ಮ ಕಲ್ಲಿಗೆ ಕಾಲ ಬಂದಾವ್ರಿ. ನಿನ್ನಿ ಇಲ್ಲಿತ್ತು, ಇವತ್ತ ಅಲ್ಲಿ ಕುಂತೈತಿ. ನಾ ಗ್ವಾಡಿ ಕಟ್ಲೋ, ಕಲ್ಲ ಕಾಯ್ಲೋ?”

ನಾನು ಮಾಸ್ತರರ ಕಡೆ ನೋಡಿದೆ. ಮಾಸ್ತರರು ನನ್ನ ಕಡೆ ನೋಡಿದರು. ಇಬ್ಬರೂ ಒಟ್ಟಿಗೆ, “ನಾ ಅಲ್ಲ” ಎಂದೆವು. ಯಾರೂ ಕೇಳಿರಲಿಲ್ಲ.

ಮರುದಿನ ನಾನು ತಲೆನೋವೆಂದು ಕಚೇರಿಗೆ ಚೀಟಿ ಕಳಿಸಿದೆ. ಇಪ್ಪತ್ತು ವರ್ಷದ ಚಾಕರಿಯಲ್ಲಿ ಅದು ನನ್ನ ಮೊದಲ ಸುಳ್ಳು ರಜೆ. ಆ ಸುಳ್ಳಿಗೆ ಹೆದರಿ ನಿಜವಾಗಿಯೂ ತಲೆ ನೋಯತೊಡಗಿತು. ಮಾಸ್ತರರು ದಿನಾ ಹತ್ತು ಗಂಟೆಗೆ ವಾಚನಾಲಯಕ್ಕೆ ಹೋಗಿ ಪತ್ರಿಕೆಗಳನ್ನೆಲ್ಲ ಓದಿ ಊಟದ ಹೊತ್ತಿಗೆ ಬರುವವರು. ನಾನು ಕಚೇರಿಯಲ್ಲಿರುವಾಗ ಬೇಗ ತಿರುಗಿ ಬಂದು ಕಲ್ಲು ಸರಿಸುತ್ತಾರೆ ಎಂಬುದು ನನ್ನ ತರ್ಕ. ಸೌದೆಯ ಒಟ್ಟಿನ ಹಿಂದೆ, ಬಾಳೆಯ ಎಲೆಗಳ ಮರೆಯಲ್ಲಿ ಕೂತೆ. ಗೌಂಡಿ ಸುಣ್ಣ ತರಲು ಹೋಗಿದ್ದ. ಒಂದು ಕಟ್ಟಿರುವೆ ನನ್ನ ಧೋತರದೊಳಗೆ ಹೊಕ್ಕಿತು. ನಾನು ಅಲ್ಲಾಡಲಿಲ್ಲ.

ಹನ್ನೊಂದರ ಸುಮಾರಿಗೆ ನಮ್ಮ ಹಿತ್ತಲ ಬಾಗಿಲು ಕಿರ್ ಅಂದಿತು. ಬಂದವಳು ಅವ್ವ. ಮಡಿಯುಟ್ಟು, ಕೈಯಲ್ಲಿ ಒಂದು ತಂಬಿಗೆ ನೀರು, ನಾಲ್ಕು ನಿಂಬೆಹಣ್ಣು. ನೆಟ್ಟಗೆ ಸಂದಿಗೆ ಹೋದಳು. ಬಾಗಿ, ಎಪ್ಪತ್ತು ವರ್ಷದ ಎರಡೂ ಕೈಗಳಿಂದ, ಆ ಕಲ್ಲನ್ನು ದರದರನೆ ನಮ್ಮ ಕಡೆಗೆ ಒಂದು ಗೇಣು ಎಳೆದುಕೊಂಡಳು. ಮೇಲೆ ನೀರು ಸುರಿದು ತಿಕ್ಕಿದಳು. ನಿಂಬೆಹಣ್ಣು ಇಟ್ಟು ಎರಡು ಹೆಜ್ಜೆ ಹಿಂದೆ ಸರಿದು, “ಬಂದೇನ್ರಿ?” ಎಂದು ಕೂಗಿದಳು.

ಆಚೆಯಿಂದ ಮಾಸ್ತರರ ಅಕ್ಕ ಬಂದರು. ಅವರೂ ಮಡಿ. ಅವರ ಕೈಯಲ್ಲೂ ತಂಬಿಗೆ. ನಿಂಬೆಹಣ್ಣಿನ ಮೇಲೆ ನೀರು ಚಿಮುಕಿಸಿ ತೆಗೆದುಕೊಂಡು ಸೆರಗಿಗೆ ಹಾಕಿಕೊಂಡರು. ಆಮೇಲೆ, ಅಷ್ಟೇ ಸಾವಕಾಶವಾಗಿ, ಕಲ್ಲನ್ನು ದರದರನೆ ತಮ್ಮ ಕಡೆಗೆ ಎಳೆದುಕೊಂಡರು. ನೀರು ಸುರಿದು ತಿಕ್ಕಿದರು. ತುಳಸಿ, ದಾಸವಾಳ ಇಟ್ಟು ಹಿಂದೆ ಸರಿದರು. ಅವ್ವ ನೀರು ಚಿಮುಕಿಸಿ ಎತ್ತಿಕೊಂಡಳು.

ನನಗೆ ಎಲ್ಲವೂ ಒಮ್ಮೆಲೇ ಹೊಳೆಯಿತು. ಒಬ್ಬರ ಮಡಿ ಇನ್ನೊಬ್ಬರಿಗೆ ಸಾಲದು. ಅವ್ವ ಅವರ ಮನೆಯ ಹೊಸ್ತಿಲು ತುಳಿಯುವವಳಲ್ಲ, ಅವರು ನಮ್ಮದನ್ನು ತುಳಿಯುವವರಲ್ಲ. ಕೈಯಿಂದ ಕೈಗೆ ಕೊಡುವ ಮಾತೇ ಇಲ್ಲ. ಈ ಭೂಮಿಯ ಮೇಲೆ ಅವರಿಬ್ಬರೂ ಎದುರಾಗಬಹುದಾದ ಜಾಗ ಆ ಸಂದಿ ಒಂದೇ, ಮುಟ್ಟಬಹುದಾದ ವಸ್ತು ಆ ಕಲ್ಲು ಒಂದೇ. ಅದೂ ತನ್ನ ನೆಲದ ಮೇಲೆ, ತನ್ನ ನೀರಿನಿಂದ ತೊಳೆದರೆ ಮಾತ್ರ. ಆ ದಿನ ಕೊನೆಗೆ ಯಾರು ಎಳೆದಿರುತ್ತಾರೋ ಅವರ ಕಡೆ ಕಲ್ಲು. ಅದರ ಮೇಲೆ ಸಂಜೆ ನನ್ನ ಒಂಬತ್ತು ಕಲಮು.

ಆಮೇಲೆ ಮಾತು ಶುರುವಾಯಿತು. ಅವ್ವ ಕನ್ನಡದಲ್ಲಿ, ಅವರು ಮರಾಠಿಯಲ್ಲಿ. ಎರಡೂ ಬಲ್ಲ ನನಗೆ ನಗು ತಡೆದುಕೊಳ್ಳುವುದೇ ಕಷ್ಟವಾಯಿತು. ಅವ್ವ ತನ್ನ ಮೊಣಕಾಲಿನ ಬಗ್ಗೆ ಹೇಳುತ್ತಿದ್ದಳು. ಅವರು ತಮ್ಮ ಅತ್ತೆಯ ಕಾಲದ ಒಂದು ಎಮ್ಮೆಯ ಬಗ್ಗೆ ಹೇಳುತ್ತಿದ್ದರು. ನಡುನಡುವೆ ಅವ್ವ, “ಹೋ ನಾ, ಹೋ ನಾ” ಎಂದು ಮರಾಠಿಯಲ್ಲಿ ಹೂಂಗುಟ್ಟುವಳು. ಅವರು, “ಹೌದ್ರಿ, ಹೌದ್ರಿ” ಎಂದು ಕನ್ನಡದಲ್ಲಿ ಎನ್ನುವರು. ಎರಡು ವರ್ಷದಲ್ಲಿ ಒಬ್ಬರು ಇನ್ನೊಬ್ಬರಿಂದ ಕಲಿತದ್ದು ಅಷ್ಟೇ. ಅಷ್ಟು ಸಾಕಾಗಿತ್ತು.

ಆಮೇಲೆ ಅವ್ವನ ದನಿ ಇಳಿಯಿತು. “ಅಮಾಸಿ ಆದಮ್ಯಾಲ ಹೋಗ್ತೀನ್ರಿ ನಾ. ಗ್ವಾಡಿ ಎದ್ದಮ್ಯಾಲ ಇಲ್ಲೆ ಯಾರ ಕೂಡ ಮಾತಾಡ್ಲಿ? ನನ್ನ ಮಗ ಕೆಟ್ಟಾಂವಲ್ರಿ. ಅಂಜುಬುರುಕ. ಹುಟ್ಟಿದಾಗ ಅಳ್ಳಿಕ್ಕೂ ಅಂಜಿದ್ದ. ಸೂಲಗಿತ್ತಿ ಎರಡ ಬಾರಿಸಿದಮ್ಯಾಲ ಅತ್ತ.”

ಈ ಮಾತು ಆ ಅಕ್ಕನಿಗೆ ತಿಳಿಯಿತೋ ಇಲ್ಲವೋ, ಕಲ್ಲಿನ ಅಂಚನ್ನು ಸವರುತ್ತ, “ಹೌದ್ರಿ” ಎಂದರು. ಸೆರಗಿನಿಂದ ಕಣ್ಣೊರೆಸಿಕೊಂಡರು.

ಆಗ ಗುಲಾಬಿಯ ಗಿಡಗಳ ನಡುವೆ ಯಾರೋ ಕಿಸಕ್ಕನೆ ನಕ್ಕರು. ನೋಡಿದರೆ ಹೂಗಳ ಮಧ್ಯೆ ಒಂದು ದೊಡ್ಡ ಕೆಂಪು ಪಗಡಿ ಅರಳಿತ್ತು. ವಾಚನಾಲಯಕ್ಕೆಂದು ಹೊರಟ ಮಾಸ್ತರರು ನನ್ನನ್ನು ಹಿಡಿಯಲು ಅಲ್ಲಿ ಅಡಗಿದ್ದರು. ಸೂಲಗಿತ್ತಿಯ ಕಥೆ ಕೇಳಿ ಅವರಿಗೆ ನಗು ತಡೆಯಲಾಗಿರಲಿಲ್ಲ. ಅವರು ಎದ್ದರು. ಮರ್ಯಾದೆಗೆ ನಾನೂ ಬಾಳೆಯೆಲೆ ಸರಿಸಿ ಎದ್ದೆ.

“ಮಡೀಲಿದ್ದೀನಿ! ಹತ್ರ ಬರಬ್ಯಾಡ!” ಅವ್ವ ಮೊದಲು ಅಂದದ್ದು ಅದೇ. ಆಚೆ ಕಡೆ ಅಕ್ಕನೂ ತಮ್ಮನಿಗೆ ಮರಾಠಿಯಲ್ಲಿ ಅದನ್ನೇ ಅಂದರು. ಐವತ್ತರ ಹತ್ತಿರದ ನಾನು, ಅರವತ್ತರ ಮಾಸ್ತರರು, ಬೆಂಚಿನ ಮೇಲೆ ನಿಲ್ಲಿಸಿದ ಹುಡುಗರಂತೆ ನಿಂತೆವು.

“ಅವ್ವಾ, ನನಗ ಹೇಳಬಾರದಾಗಿತ್ತೇನು?” ಎಂದೆ.

“ಏನಂತ ಹೇಳ್ಲಿ? ಪರರ ಮನೀದು ಇಸ್ಕೋತೀನಿ ಅಂದ್ರ ಊರಾಗ ನಿಮ್ಮಣ್ಣನ ಹೆಂಡ್ತಿ ಡಂಗುರಾ ಹೊಡೀತಾಳ. ನೀ ಒಂದ ಅರ್ಜಿ ಬರೀತಿ.”

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು.

“ನೀನರೆ ಹೇಳಬೇಕೋ ಬ್ಯಾಡೋ?”

“ನೀವ್ ಎಲ್ಲೆ ಕೇಳಿದ್ರಿ? ಕಲ್ಲ ಯಾರ ಸರಸ್ಯಾರ ಅಂತ ನೀವ್ ಕೇಳಲೇ ಇಲ್ಲ. ಮಾಸ್ತರ್ರು ಎಷ್ಟ ಸರಸ್ಯಾರ ಅಂತ ಕೇಳಿದ್ರಿ.”

ಗೌಂಡಿ ಸುಣ್ಣ ಹೊತ್ತು ಬರುವ ಹೊತ್ತಿಗೆ ಮಾಸ್ತರರೂ ನಾನೂ ಮತ್ತೆ ವಾದಕ್ಕೆ ಬಿದ್ದಿದ್ದೆವು. ಈಗ ಗೋಡೆ ಬೇಡವೆಂದು ನಾನು. ತೋಡಿದ ಪಾಯ ಮುಚ್ಚಿದರೆ ಗೌಂಡಿ ಊರೆಲ್ಲ ಹೇಳಿಕೊಂಡು ನಗುತ್ತಾನೆಂದು ಅವರು. ಕೊನೆಗೆ ಗೋಡೆ ಆಯಿತು, ಸೊಂಟದಷ್ಟು ಎತ್ತರ. ಗುಲಾಬಿಗೆ ಬಿಸಿಲು ಬಂತು. ನಡುವೆ ಮೊದಲಿನಷ್ಟೇ ಅಗಲದ ಸಂದಿ ಬಿಟ್ಟು, ಅದರಲ್ಲಿ ಮೊಳಕಾಲೆತ್ತರದ ಕಟ್ಟೆ ಕಟ್ಟಿಸಿ, ಕಲ್ಲನ್ನು ಸರಿಯಾಗಿ ಅರ್ಧ ಅತ್ತ ಅರ್ಧ ಇತ್ತ ಬರುವಂತೆ ಗಚ್ಚು ಹಾಕಿ ಕೂರಿಸಿದ್ದಾಯಿತು. ಮಾಸ್ತರರು ನಾಲ್ಕು ಸಲ ಅಳೆದರು, ನಾನು ಐದು ಸಲ.

“ಗ್ವಾಡಿ ಅಲ್ರಿ ಇದು, ಹಲ್ಲ ಬಿದ್ದ ಬಾಯಿ” ಎಂದ ಗೌಂಡಿ.

ಮುದುಕಿಯರಿಗೆ ಸಂತೋಷವಾದೀತೆಂದುಕೊಂಡರೆ, ಇಬ್ಬರೂ ಸಿಟ್ಟಾದರು. ಗೌಂಡಿ ತುಳಿದ ಕಲ್ಲು! ಐದು ದಿನ ತೊಳೆದರು, ಇವರು ಈ ಕಡೆಯಿಂದ, ಅವರು ಆ ಕಡೆಯಿಂದ. ಗಚ್ಚು ಸಡಿಲವಾದೀತೆಂದು ನನಗೆ ಹೊಸ ಚಿಂತೆ ಹತ್ತಿತು. ಆರನೆಯ ದಿನ ಕಲ್ಲಿನ ನಟ್ಟನಡುವೆ ಇದ್ದಿಲಿನ ಒಂದು ಗೆರೆ ಕಂಡಿತು. ಆಚೆ ಅವರದು, ಈಚೆ ಅವ್ವನದು.

ಅಮಾವಾಸ್ಯೆ ಬಂತು, ಹೋಯಿತು. ಟ್ರಂಕು ನಡುಮನೆಯಲ್ಲೇ ಇತ್ತು. ದಾಟಿ ದಾಟಿ ಓಡಾಡುತ್ತಿದ್ದೆ, ಕೇಳುವ ಧೈರ್ಯವಾಗಲಿಲ್ಲ. ಒಂದು ಬೆಳಿಗ್ಗೆ ಅವ್ವನೇ, “ಇದನ್ಯಾಕ ಹಾದ್ಯಾಗ ಇಟ್ಟೀರಿ, ಕಾಲಿಗೆ ಬಡೀತದ. ಇನ್ನೆರಡ ತಿಂಗ್ಳ ಇದ್ದು ಹೋಗ್ತೀನಿ” ಎಂದಳು. ನಾನು ಒಬ್ಬನೇ ಅದನ್ನು ಅಟ್ಟಕ್ಕೆ ಎತ್ತಿಟ್ಟೆ. ಸೊಂಟ ಹಿಡಿಯಿತು, ಯಾರಿಗೂ ಹೇಳಲಿಲ್ಲ.

ಕೆಲವು ತಿಂಗಳ ಮೇಲೆ ಒಂದು ಸಂಜೆ ಕಾಲು ತೊಳೆಯುವಾಗ ಕಲ್ಲಿನ ಕಡೆ ಕಣ್ಣು ಹೋಯಿತು. ಇದ್ದಿಲಿನ ಗೆರೆ ನಮ್ಮ ಕಡೆಗೆ ಒಂದು ಬೆರಳು ಬಂದಿತ್ತು. ಬೇಲಿಯಾಚೆ, ತಪ್ಪಿತು, ಗೋಡೆಯಾಚೆ ಮಾಸ್ತರರೂ ಅದನ್ನೇ ನೋಡುತ್ತ ನಿಂತಿದ್ದರು. ಕಣ್ಣು ಕೂಡಿತು. “ಏನ್ರಿ ರಾವಸಾಹೇಬ್ರ, ಅರ್ಜಿ ಯಾವಾಗ?” ಎಂದರು. ನಾನು ಒಳಗೆ ಹೋಗಿ, ಮೊದಲು ಏಣಿ ಹತ್ತಿ ಅಟ್ಟದ ಮೇಲಿನ ಟ್ರಂಕನ್ನು ಬೆರಳಿನಿಂದ ಸವರಿ ನೋಡಿದೆ. ಧೂಳು ಚೆನ್ನಾಗಿ ಕೂತಿತ್ತು. ಇಳಿದು ಬಂದು ಊಟಕ್ಕೆ ಕೂತೆ.